ಮಣ್ಣು ಕರೆಂಟು ಕುಡಿಯುವುದಿಲ್ಲ

ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ. ಚೌಕಿಪೂಜೆಯ ಹೊತ್ತಿಗೆ ಮೈಕ್‌ಸೆಟ್ಟಿನವರು ತಂತಿ ಎಳೆದು ಮುಗಿಸಿರುತ್ತಾರೆ. ಭಾಗವತರು ಮೈಕಿನ ಹತ್ತಿರ ಬಾಯಿ ತಂದರೆ ತುಟಿಗೆ ಚುಳ್ಳೆನ್ನುತ್ತದೆ. ಬಾಕ್ಸುಗಳಲ್ಲಿ ಗುಂಯ್ ಎಂಬ ಸದ್ದು ಬೇರೆ. ಮೈಕಿನ ಹುಡುಗ ಇದಕ್ಕೆಲ್ಲ ಗಾಬರಿಯಾಗುವವನಲ್ಲ. ಮೀಟರ್ ಬೋರ್ಡಿನ ಪಕ್ಕ ನೆಟ್ಟ ಕಬ್ಬಿಣದ ಸರಳಿನ ಬುಡಕ್ಕೆ ಒಂದು ಕೊಡ ನೀರು ಹೊಯ್ದು, ಸಿಕ್ಕರೆ ಒಂದು ಹಿಡಿ ಉಪ್ಪನ್ನೂ ಹಾಕಿ ಬರುತ್ತಾನೆ. ಚುಳ್ಳೆನ್ನುವುದು ನಿಲ್ಲುತ್ತದೆ. ಕೆಲವೊಮ್ಮೆ ಗುಂಯ್‌ಗುಡುವುದೂ ಇಳಿಯುತ್ತದೆ.

ಕರಾವಳಿಯ ಬಯಲಾಟಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ ಇದು. ಗಣೇಶನ ಪೆಂಡಾಲು, ಊರಹಬ್ಬದ ಆರ್ಕೆಸ್ಟ್ರಾ, ಮದುವೆ ಶಾಮಿಯಾನ, ಎಲ್ಲೆಡೆಯೂ ನೀರಿನ ಕೊಡಕ್ಕೆ ಈ ಕೆಲಸವಿದೆ. ನೀರು ಹೊಯ್ದರೆ ಆಗುವುದೇನು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಹೆಚ್ಚಾದ ಕರೆಂಟನ್ನು ಭೂಮಿ ಎಳೆದುಕೊಳ್ಳುತ್ತದೆ. ಮಳೆನೀರು ಇಂಗುವ ಹಾಗೆ ಕರೆಂಟೂ ಮಣ್ಣಿನಲ್ಲಿ ಇಂಗಿಹೋಗುತ್ತದೆ ಎಂಬ ಈ ನಂಬಿಕೆಯಿಂದ ಆಟದ ವೇದಿಕೆಗಳ ಮೇಲೆ ಜೀವ ಹೋಗಿದೆ. ನೀರು ಹೊಯ್ದದ್ದು ಕೆಲಸ ಮಾಡಿದ್ದಂತೂ ಹೌದು. ಆದರೆ ಕಾರಣ ಬೇರೆ.

ಗಿರಣಿಯ ಬೆಲ್ಟು

ಹಳೆಯ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಬೀಸುವ ಕಲ್ಲಿಗೆ ಉದ್ದನೆಯ ಬೆಲ್ಟು ಹೋಗಿರುತ್ತದೆ. ಮೇಲಿನ ಮಗ್ಗುಲಲ್ಲಿ ಎಷ್ಟು ಬೆಲ್ಟು ಆ ಕಡೆ ಹೋಯಿತೋ ಕೆಳಗಿನ ಮಗ್ಗುಲಲ್ಲಿ ಅಷ್ಟೇ ವಾಪಸು ಬರುತ್ತದೆ. ಜೋಳ ಹಿಟ್ಟಾಗುತ್ತದೆ, ಬೆಲ್ಟು ಒಂದಿಂಚೂ ಖರ್ಚಾಗುವುದಿಲ್ಲ. ಕರೆಂಟಿನ ಲೆಕ್ಕವೂ ಇಷ್ಟೇ. ಊರಿನ ಟಿ.ಸಿ. ಎಂದು ನಾವು ಕರೆಯುವ ಟ್ರಾನ್ಸ್‌ಫಾರ್ಮರಿನಿಂದ ಫೇಸ್ ತಂತಿಯಲ್ಲಿ ಹೊರಟ ಕರೆಂಟು ಆಂಪ್ಲಿಫೈಯರಿನಲ್ಲೋ ದೀಪದಲ್ಲೋ ಕೆಲಸ ಮಾಡಿ ನ್ಯೂಟ್ರಲ್ ತಂತಿಯಲ್ಲಿ ಅದೇ ಟಿ.ಸಿ.ಗೆ ಮರಳುತ್ತದೆ. ಹೀಗೆ ಮರಳುವ ಹಾದಿಯನ್ನು ಈ ಅಧ್ಯಾಯದಲ್ಲಿ ಹಿಂದಾರಿ ಎಂದು ಕರೆಯೋಣ. ಹಿಂದಾರಿ ಇಲ್ಲದೆ ಕರೆಂಟು ಹೊರಡುವುದೇ ಇಲ್ಲ. ಒಂದಕ್ಕಿಂತ ಹೆಚ್ಚು ಹಿಂದಾರಿಗಳಿದ್ದರೆ ಎಲ್ಲದರಲ್ಲೂ ಹಂಚಿಕೊಂಡು ಬರುತ್ತದೆ, ಸಲೀಸಾದ ದಾರಿಯಲ್ಲಿ ಹೆಚ್ಚು, ಕಷ್ಟದ ದಾರಿಯಲ್ಲಿ ಕಡಿಮೆ. ವೇದಿಕೆಯ ಹೆಚ್ಚಿನ ವಿದ್ಯುತ್ ತಾಪತ್ರಯಗಳು ಈ ಹಿಂದಾರಿಯವು.

ಮಣ್ಣಿಗೆ ಇಲ್ಲಿ ಏನು ಕೆಲಸ? ಟಿ.ಸಿ.ಯ ಬುಡದಲ್ಲಿ ನ್ಯೂಟ್ರಲನ್ನು ಬೇಕೆಂದೇ ನೆಲಕ್ಕೆ ಕಟ್ಟಿರುತ್ತಾರೆ. ಮೇಲಿನ 11,000 ವೋಲ್ಟಿನ ತಂತಿ ಹರಿದು ಕೆಳಗಿನ ಮನೆ ಲೈನಿನ ಮೇಲೆ ಬಿದ್ದರೆ ಮನೆಗಳೆಲ್ಲ 11,000 ವೋಲ್ಟಿಗೆ ಏರಬಾರದು, ಅದಕ್ಕೆ. ಈ ಕಟ್ಟಿನಿಂದಾಗಿ ಊರಿನ ಮಣ್ಣೆಲ್ಲ ಟಿ.ಸಿ.ಗೆ ಹೋಗುವ ಇನ್ನೊಂದು ಹಿಂದಾರಿಯಾಯಿತು. ಒರಟಾದ, ತಗ್ಗುದಿಣ್ಣೆಯ ದಾರಿ. ಆದರೂ ದಾರಿಯೇ. ಕರೆಂಟಿಗೆ ಮಣ್ಣಿನ ಮೇಲೆ ಯಾವ ಮೋಹವೂ ಇಲ್ಲ. ಅದು ಮಣ್ಣಿಗೆ ಇಳಿಯುವುದು ಇನ್ನೊಂದು ತುದಿಯಲ್ಲಿ ಟಿ.ಸಿ. ಇದೆ ಎಂಬ ಒಂದೇ ಕಾರಣಕ್ಕೆ.

ಚುಳ್ಳೆನ್ನುವುದು ಎಲ್ಲಿಂದ

ಇಂದಿನ ಮಿಕ್ಸರು, ಆಂಪ್ಲಿಫೈಯರು, ಎಲ್‌ಇಡಿ ದೀಪ ಎಲ್ಲದರ ಒಳಗೂ ಸದ್ದುಗದ್ದಲದ ಕರೆಂಟನ್ನು ಶೋಧಿಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಫೇಸಿನಿಂದ ಪೆಟ್ಟಿಗೆಯ ಲೋಹದ ಮೈಗೆ ಇವು ಒಂದಿಷ್ಟು ಕರೆಂಟನ್ನು ಸೋರಲು ಬಿಡುತ್ತವೆ. ಕೆಟ್ಟುಹೋದದ್ದರಿಂದ ಸೋರುವುದಲ್ಲ, ಕಾರ್ಖಾನೆಯವರು ಉದ್ದೇಶಪಟ್ಟು ಇಟ್ಟ ಸೋರಿಕೆ. ಒಂದೊಂದು ಪೆಟ್ಟಿಗೆಗೆ ಸಾಮಾನ್ಯವಾಗಿ 1 ಮಿಲಿಆಂಪಿಗಿಂತ ಕಡಿಮೆ, ಅಂದರೆ ಒಂದು ಆಂಪಿನ ಸಾವಿರದಲ್ಲೊಂದು ಪಾಲೂ ಇಲ್ಲ. ಆದರೆ ವೇದಿಕೆಯ ಪೆಟ್ಟಿಗೆಗಳೆಲ್ಲ ಮೈಕ್ ವೈರುಗಳ ಹೊರಜಾಲರಿಯಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಲ್ಲವುಗಳ ಸೋರಿಕೆಯೂ ಒಟ್ಟಾಗಿ 5 ಮಿಲಿಆಂಪು ಆಯಿತೆನ್ನಿ. ಪೆಟ್ಟಿಗೆಗಳ ಮೈಯನ್ನು ಹಸಿರು ತಂತಿಯಿಂದ ಸರಳಿಗೆ ಕಟ್ಟುವ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದಕ್ಕೆ ಬೇರೊಂದು ಹಿಂದಾರಿ ಬೇಕು. ಮೈಕಿನ ಜಾಲರಿ, ಭಾಗವತರ ತುಟಿ, ಮೈ, ಬರಿಗಾಲು, ನೆಲ, ಟಿ.ಸಿ.! 1 ಮಿಲಿಆಂಪಿನ ಆಸುಪಾಸಿನಲ್ಲೇ ಮನುಷ್ಯನಿಗೆ ಕರೆಂಟಿನ ಅರಿವಾಗುತ್ತದೆ. ಒದ್ದೆ ತುಟಿಗಂತೂ ಬೇಗ.

ಒಣಗಿದ ಗದ್ದೆಯಲ್ಲಿ ಎರಡಡಿ ಹೊಡೆದ ಸರಳಿಗೂ ಮಣ್ಣಿಗೂ ನಡುವೆ 5,000 ಓಮ್ ತಡೆ ಇದೆ ಎಂದುಕೊಳ್ಳಿ. ಆ 5 ಮಿಲಿಆಂಪು ಅದರ ಮೂಲಕವೇ ಇಳಿಯಬೇಕಾದರೆ ಪೆಟ್ಟಿಗೆಗಳ ಮೈ ಮೇಲೆ 25 ವೋಲ್ಟು ಏರಿ ನಿಲ್ಲುತ್ತದೆ. ಒಂದು ಕೊಡ ಉಪ್ಪುನೀರು ಬಿದ್ದು ತಡೆ 300 ಓಮಿಗೆ ಇಳಿಯಿತೋ, ಉಳಿಯುವುದು ಒಂದೂವರೆ ವೋಲ್ಟು ಮಾತ್ರ. ಒಂದೂವರೆ ವೋಲ್ಟು ಯಾರ ತುಟಿಯನ್ನೂ ಚುಚ್ಚದು. ಕೊಡದ ಪವಾಡ ಇಷ್ಟೇ.

ಸೋರಿಕೆ ದೊಡ್ಡದಾದರೆ

ಈಗ ಅದೇ ರಾತ್ರಿ, ರಂಗಸ್ಥಳದ ಹಲಗೆಯ ಅಡಿಗೆ ಸಿಕ್ಕ ವೈರಿನ ಸಿಪ್ಪೆ ಸುಲಿದು ಫೇಸ್ ತಂತಿ ನೇರ ಆಂಪ್ಲಿಫೈಯರಿನ ಮೈಗೆ ತಾಗಿತೆನ್ನಿ. ಕೊಡನೀರು ಕುಡಿದ ನಮ್ಮ ಸರಳು 300 ಓಮಿನದು. 230 ವೋಲ್ಟು ಅದರ ಮೂಲಕ ಮುಕ್ಕಾಲು ಆಂಪಿಗಿಂತ ತುಸು ಹೆಚ್ಚನ್ನಷ್ಟೇ ತಳ್ಳಬಲ್ಲದು. 16 ಆಂಪಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನೂರು ವಾಟಿನ ಎರಡು ಬಲ್ಬು ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಕರೆಂಟು ಹರಿಯುತ್ತದೆ. ಫ್ಯೂಸು ಹೋಗುವುದಿಲ್ಲ, ಆಟ ನಿಲ್ಲುವುದಿಲ್ಲ. ವೇದಿಕೆಯ ಪ್ರತಿಯೊಂದು ಲೋಹದ ಮೈಕು, ಸ್ಟ್ಯಾಂಡು, ಪೆಟ್ಟಿಗೆ 230 ವೋಲ್ಟಿಗೆ ಏರಿ ಕೂತಿರುತ್ತದೆ.

ಸರಳನ್ನು ಬಿಟ್ಟು ಇದ್ದಿಲು, ಉಪ್ಪು ಹಾಕಿದ ಒಳ್ಳೆಯ ಅರ್ಥ್ ಗುಂಡಿಯನ್ನೇ ತೋಡಿ, 10 ಓಮಿಗೆ ಇಳಿಸಿದಿರಿ ಎಂದರೂ 23 ಆಂಪಿನ ಮೇಲೆ ಹರಿಯದು. ದೊಡ್ಡ ಬೋರ್ಡಿನ 32 ಆಂಪಿನ ಬ್ರೇಕರಿಗೆ ಆಗಲೂ ಎಚ್ಚರವಾಗುವುದಿಲ್ಲ. ಅಷ್ಟರಲ್ಲಿ ಗುಂಡಿಯೊಳಗೆ 5 ಕಿಲೋವಾಟ್ ಶಾಖ ಹುಟ್ಟಿ ಮಣ್ಣನ್ನು ಒಣಗಿಸುತ್ತ ಹೋಗುತ್ತದೆ, ಒಣಗಿದಷ್ಟೂ ತಡೆ ಏರುತ್ತದೆ. ಸಣ್ಣ ಸೋರಿಕೆಯನ್ನು ಬಹಳ ಚೆನ್ನಾಗಿ ಸಂಭಾಳಿಸುವ ಸರಳು ದೊಡ್ಡ ಸೋರಿಕೆಯಲ್ಲಿ ಕೈಚೆಲ್ಲುತ್ತದೆ. ದಿನಾ ನಡೆಯುವುದು ಸಣ್ಣದು, ಹಾಗಾಗಿ ಸರಳಿನ ಮೇಲೆ ನಂಬಿಕೆ ಬೆಳೆಯುತ್ತ ಹೋಗುತ್ತದೆ. ಕೊಡ ನೀರಿನ ನಿಜವಾದ ಅಪಾಯ ಇದು.

1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಕಾರ್ಯಕ್ರಮದ ವೇದಿಕೆಯ ಮೇಲೆ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಸತ್ತ. ವಿದ್ಯುತ್ ಗಿಟಾರಿನ ಲೋಹದ ತಂತಿಗಳು ಅದರ ಆಂಪ್ಲಿಫೈಯರಿನ ಮೈಗೆ ಸೇರಿರುತ್ತವೆ. ವಾದಕನ ಒಂದು ಕೈ ಅಲ್ಲಿ, ಇನ್ನೊಂದು ಕೈ ಮೈಕಿನ ಮೇಲೆ. ಎರಡರಲ್ಲಿ ಒಂದರ ವೋಲ್ಟು ಮೇಲೇರಿದ್ದರೆ ಎರಡೂ ಕೈಗಳ ನಡುವಿನ ಹಿಂದಾರಿಯಲ್ಲಿ ಹೃದಯವಿದೆ. ನಮ್ಮಲ್ಲಿ ಕೀಬೋರ್ಡು, ಗಿಟಾರುಗಳ ಆರ್ಕೆಸ್ಟ್ರಾದಲ್ಲಿ ವಾದ್ಯಗಳಿಗೆ ಒಂದು ಕಡೆಯ ಪ್ಲಗ್ಗು, ಮೈಕ್‌ಸೆಟ್ಟಿಗೆ ಇನ್ನೊಂದು ಕಡೆಯ ಪ್ಲಗ್ಗು ಕೊಡುವುದು ಇದೇ ಜಾಗಕ್ಕೆ ಕಲಾವಿದನನ್ನು ತಂದು ನಿಲ್ಲಿಸುತ್ತದೆ.

ಹೋದದ್ದೆಷ್ಟು, ಬಂದದ್ದೆಷ್ಟು

ಮಣ್ಣಿನ ದಾರಿಯನ್ನು ಸಲೀಸು ಮಾಡಲು ಹೋಗಿ ಸೋಲುವ ಬದಲು, ಹೋದ ಕರೆಂಟೆಲ್ಲ ನ್ಯೂಟ್ರಲಿನಲ್ಲೇ ವಾಪಸು ಬಂತೇ ಎಂದು ಲೆಕ್ಕ ನೋಡಿದರೆ ಸಾಕಲ್ಲ? ಆರ್‌ಸಿಸಿಬಿ ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುವ ಸ್ವಿಚ್ಚು ಮಾಡುವುದು ಇದನ್ನೇ. ಸೋರಿಕೆ ಕಾವಲು ಎಂದು ಕರೆಯಬಹುದು. ಅದರೊಳಗೆ ಉಂಗುರಾಕಾರದ ಲೋಹದ ತುಂಡೊಂದಿದೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರೊಳಗಿಂದ ತೂರಿಸಿರುತ್ತಾರೆ. ಒಂದರಲ್ಲಿ ಹೋಗುವ ಕರೆಂಟು ಹುಟ್ಟಿಸುವ ಕಾಂತಶಕ್ತಿಯನ್ನು ಇನ್ನೊಂದರಲ್ಲಿ ಬರುವ ಕರೆಂಟು ಅಳಿಸಿಹಾಕುತ್ತದೆ. ಎಷ್ಟೇ ದೊಡ್ಡ ಲೋಡಿದ್ದರೂ ಉಂಗುರದಲ್ಲಿ ಉಳಿಯುವುದು ಸೊನ್ನೆ. ಸ್ವಲ್ಪ ಕರೆಂಟು ಬೇರೆ ಹಿಂದಾರಿ ಹಿಡಿಯಿತೋ, ಅಳಿಸಲು ಅಷ್ಟು ಕಡಿಮೆ ಬೀಳುತ್ತದೆ. ಉಂಗುರಕ್ಕೆ ಸುತ್ತಿದ ಸಣ್ಣ ಸುರುಳಿಯಲ್ಲಿ ಅದು ಕರೆಂಟಾಗಿ ಮೂಡಿ ಕೊಂಡಿಯನ್ನು ಬಿಡಿಸುತ್ತದೆ. ಹೋದ ದಾರಿ ಭಾಗವತರ ಮೈಯೋ ಆಂಪ್ಲಿಫೈಯರಿನ ಅರ್ಥ್ ತಂತಿಯೋ ಎಂದು ಅದು ವಿಚಾರಿಸುವುದಿಲ್ಲ. ಕಡಿಮೆ ಬಂತು, ಕತ್ತರಿಸಿತು.

ಜೀವ ಕಾಯುವ ಕಾವಲಿನ ಮಿತಿ ನಮ್ಮಲ್ಲೂ ಯುರೋಪಿನಲ್ಲೂ 30 ಮಿಲಿಆಂಪು. 0.3 ಸೆಕೆಂಡಿನೊಳಗೆ ಕಡಿಯಲೇಬೇಕು, ಸಾಮಾನ್ಯವಾಗಿ ಅದಕ್ಕಿಂತ ಬಹಳ ಬೇಗ ಕಡಿಯುತ್ತದೆ. ಮನುಷ್ಯ ಎಷ್ಟು ಕರೆಂಟಿನವರೆಗೆ ಹಿಡಿದ ತಂತಿಯನ್ನು ಬಿಡಬಲ್ಲ ಎಂಬುದನ್ನು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್. 10 ಮಿಲಿಆಂಪು ದಾಟುತ್ತಿದ್ದಂತೆ ಹಲವರ ಸ್ನಾಯು ಬಿಗಿದು ಕೈ ಬಿಡಿಸಿಕೊಳ್ಳಲಾಗದು. ಅಮೆರಿಕದ ಸೋರಿಕೆ ಕಾವಲು ಹುಟ್ಟಿದ್ದೂ ಅವರ ಕೈಯಲ್ಲೇ. ಅಲ್ಲಿ ಅದರ ಮಿತಿ ಇನ್ನೂ ಕಡಿಮೆ, 5 ಮಿಲಿಆಂಪಿನ ಸುಮಾರು.

ಈಗ ನಮ್ಮ ಬಡ ಸರಳಿನ ಬಳಿಗೆ ಬನ್ನಿ. ಅದರ ತಡೆ 1,000 ಓಮೇ ಇರಲಿ, ಫೇಸ್ ತಾಗಿದಾಗ 230 ಮಿಲಿಆಂಪು ಮಣ್ಣಿಗಿಳಿಯುತ್ತದೆ. ಫ್ಯೂಸಿಗೆ ಕಾಣದ ಈ ಕರೆಂಟು ಕಾವಲಿನ ಮಿತಿಯ ಏಳು ಪಟ್ಟಿಗಿಂತ ಹೆಚ್ಚು. ಯಾರೂ ಮುಟ್ಟುವ ಮೊದಲೇ ಲೈನು ಕಡಿದುಹೋಗಿರುತ್ತದೆ. ಸರಳೂ ಬೇಕು, ಕಾವಲೂ ಬೇಕು. ಒಂದೇ ಇದ್ದರೆ ಅರ್ಧ ಕೆಲಸ.

ಮೈಕ್‌ಸೆಟ್ಟಿನವರಿಗೆ ಈ ಸ್ವಿಚ್ಚಿನ ಮೇಲೆ ಸಿಟ್ಟಿದೆ, ಸುಮ್ಮಸುಮ್ಮನೆ ಬೀಳುತ್ತದೆ ಎಂದು. ಅದನ್ನು ದಾಟಿಸಿ ನೇರ ಲೈನು ಕೊಡುವುದೂ ಉಂಟು. ಸಿಟ್ಟಿಗೆ ಕಾರಣವಿದೆ: 30ರ ಕಾವಲು 15 ಮಿಲಿಆಂಪಿನ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ಮತ್ತು ಮೂವತ್ತು ಎಲ್‌ಇಡಿ ದೀಪಗಳ ಉದ್ದೇಶಿತ ಸೋರಿಕೆಯೇ ಅಷ್ಟಾದೀತು. ಒಂದೇ ಕಾವಲಿನ ಮೇಲೆ ಇಡೀ ವೇದಿಕೆಯನ್ನು ಹೇರುವ ಬದಲು ಮೈಕಿಗೊಂದು, ವಾದ್ಯಗಳಿಗೊಂದು, ದೀಪಗಳಿಗೆ ಎರಡು ಮೂರು ಎಂದು ಹಂಚಿದರೆ ಕಾಟ ತಪ್ಪುತ್ತದೆ. ದೀಪದ ಕಾವಲು ಬಿದ್ದರೂ ಮೈಕು ನಿಲ್ಲುವುದಿಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಈ ಸ್ವಿಚ್ಚು ಕಾಯಲಾರದು. ಅಲ್ಲಿ ಲೆಕ್ಕ ಸರಿಯಾಗಿಯೇ ಇರುತ್ತದೆ.

ಗುಂಯ್ ಎಂಬ ಪಂಚಮ

ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಓಲಾಡುತ್ತದೆ. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಗೆ ಹಾಡುವವರಿಗೆ 50 ಎಂದರೆ ತೀರ ಕೆಳಗಿನ ಪಂಚಮ, ತುಸು ಏರಿದ್ದು. ಅದರ ಇಮ್ಮಡಿಯಾದ 100 ಮಂದ್ರ ಪಂಚಮ. ಅವರ ಕಾರ್ಯಕ್ರಮದಲ್ಲಿ ಗುಂಯ್ ಸದ್ದು ತಂಬೂರಿಯೊಳಗೆ ಕರಗಿ ಕೂರಬಹುದು. ಕಪ್ಪು ಒಂದಕ್ಕೆ ಹಾಡುವವರ ಪಾಡು ಬೇಡ, ಅದು ಪ್ರತಿಮಧ್ಯಮಕ್ಕೂ ಪಂಚಮಕ್ಕೂ ನಡುವೆ ಬಂದು ಬೀಳುತ್ತದೆ. ಕಿವಿ ಸೂಕ್ಷ್ಮವಿದ್ದರೆ ಇದರಿಂದಲೇ ಕಾಯಿಲೆಯ ಗುರುತೂ ಸಿಗುತ್ತದೆ. 100ರ ಸದ್ದೇ ಮೇಲಾದರೆ ಯಾವುದೋ ಹಳೆಯ ಆಂಪ್ಲಿಫೈಯರಿನ ಒಳಗಿನ ಕೆಪಾಸಿಟರು ಸೋತಿದೆ. 50 ಮತ್ತು 150 ಬಲವಾಗಿದ್ದರೆ ಹಿಂದಾರಿ ತಪ್ಪಿದೆ.

ತಪ್ಪುವುದು ಹೀಗೆ. ಆಂಪ್ಲಿಫೈಯರುಗಳಿಗೆ ವೇದಿಕೆಯ ಬೋರ್ಡಿನಿಂದ ಕರೆಂಟು. ಮಿಕ್ಸರು ಜನರ ನಡುವೆ, ಮೂವತ್ತು ಮೀಟರ್ ಆಚೆ, ಅದಕ್ಕೆ ಪಕ್ಕದ ಶಾಲೆಯ ಪ್ಲಗ್ಗು. ಎರಡು ಕಡೆಯ ಅರ್ಥ್‌ಗಳ ನಡುವೆ 1 ವೋಲ್ಟಿನ ವ್ಯತ್ಯಾಸವಿದ್ದರೂ ಅವನ್ನು ಜೋಡಿಸಿರುವ ಧ್ವನಿಯ ವೈರಿನ ಹೊರಜಾಲರಿ ಈಗ ಒಂದು ಹಿಂದಾರಿ. ಊರಿನ ಸೋರಿಕೆಯ ಒಂದು ಪಾಲು ಅದರಲ್ಲಿ ಹರಿಯುತ್ತದೆ. ಮೈಕಿನಿಂದ ಬರುವ ಧ್ವನಿಯ ಸಂಕೇತ ಕೆಲವೇ ಮಿಲಿವೋಲ್ಟಿನದು, ಈ 1 ವೋಲ್ಟು ಅದರ ನೂರಾರು ಪಟ್ಟು. ಭೂಮಿ, ಜಾಲರಿ, ಮತ್ತೆ ಭೂಮಿ ಎಂದು ಸುತ್ತುವ ಈ ಉರುಳನ್ನು ಅರ್ಥ್ ಕುಣಿಕೆ ಎನ್ನಬಹುದು.

ಇದಕ್ಕೆ ಬೀದಿಯ ಪರಿಹಾರ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನನ್ನು ಮುರಿಯುವುದು, ಇಲ್ಲವೇ ಹಸಿರು ತಂತಿಯನ್ನು ಕತ್ತರಿಸಿ ಟೇಪು ಸುತ್ತುವುದು. ಗುಂಯ್ ನಿಲ್ಲುತ್ತದೆ, ಸಂದೇಹವಿಲ್ಲ. ಕುಣಿಕೆ ಕಡಿಯಿತಲ್ಲ. ಆದರೆ ನಾಳೆ ಆ ಪೆಟ್ಟಿಗೆಗೆ ಫೇಸ್ ತಾಗಿದರೆ ಕಾವಲಿಗೆ ಸುದ್ದಿ ಮುಟ್ಟಿಸುವ ಹಿಂದಾರಿಯನ್ನೂ ಅದರ ಜೊತೆಗೇ ಕಡಿದಿದ್ದೀರಿ. ಸದ್ದಿಗೆ ಹೆದರಿ ಪಿನ್ನು ಮುರಿಯುವುದು ಮೂರ್ಖತನ ಎಂದು ಮುಲಾಜಿಲ್ಲದೆ ಹೇಳಬೇಕು, ಏಕೆಂದರೆ ಬೇರೆ ದಾರಿ ಸುಲಭವಿದೆ: ಧ್ವನಿಯ ವೈರು ಹೋದಲ್ಲೆಲ್ಲ ಅದರ ಜೊತೆಯಲ್ಲೇ ಕರೆಂಟಿನ ವೈರನ್ನೂ ವೇದಿಕೆಯ ಬೋರ್ಡಿನಿಂದಲೇ ಒಯ್ದು ಮಿಕ್ಸರಿಗೆ ಕೊಡಿ. ಎಲ್ಲ ಪೆಟ್ಟಿಗೆಗಳಿಗೂ ಅರ್ಥ್ ಒಂದೇ ಜಾಗದ್ದಾದರೆ ನಡುವೆ ವ್ಯತ್ಯಾಸವೇ ಹುಟ್ಟದು. ಶಾಲೆಯ ಪ್ಲಗ್ಗಿನಿಂದ ಉಳಿಯುವ ಮೂವತ್ತು ಮೀಟರ್ ವೈರು ಇಷ್ಟು ತೊಂದರೆಗೆ ಯೋಗ್ಯವಲ್ಲ.

ಮೂರು ಹೋಗಿ ಒಂದು ಬಂದಾಗ

ದೊಡ್ಡ ಕಾರ್ಯಕ್ರಮಕ್ಕೆ ಮೂರು ಫೇಸ್ ಬೇಕು. ಕೆಂಪು, ಹಳದಿ, ನೀಲಿ ತಂತಿಗಳು ಒಂದರ ಹಿಂದೊಂದು ಸರದಿಯಲ್ಲಿ ಏರಿಳಿಯುವುದರಿಂದ ಮೂರರಲ್ಲೂ ಲೋಡು ಸಮವಿದ್ದರೆ ಒಂದು ತಂದದ್ದನ್ನು ಉಳಿದೆರಡು ಒಯ್ಯುತ್ತವೆ. ಕಪ್ಪು ನ್ಯೂಟ್ರಲಿಗೆ ಉಳಿಯುವುದು ಹೆಚ್ಚುಕಡಿಮೆಯಷ್ಟೆ. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್ ವಸ್ತುಪ್ರದರ್ಶನಕ್ಕೆ 175 ಕಿ.ಮೀ. ದೂರ ಕರೆಂಟು ಕಳಿಸಿ ಸಾವಿರ ದೀಪ ಬೆಳಗಿಸಿದ್ದು, ಪಂಪಿನಿಂದ ನೀರೆತ್ತಿ ಕೃತಕ ಜಲಪಾತ ಹರಿಸಿದ್ದು ಈ ಮೂರು ಫೇಸಿನ ಏರ್ಪಾಡೇ. ಹನ್ನೊಂದು ವರ್ಷದ ಬಳಿಕ ಅದೇ ಏರ್ಪಾಡಿನಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ತಲುಪಿತು.

ನ್ಯೂಟ್ರಲಿಗೆ ಹೆಚ್ಚು ಕೆಲಸವಿಲ್ಲ ಎಂಬ ಕಾರಣಕ್ಕೆ ಅದರ ಜೋಡಣೆಯೇ ಎಲ್ಲಕ್ಕಿಂತ ಸಡಿಲವಾಗಿರುತ್ತದೆ. ಅದು ಕಳಚಿದರೆ? ಕೆಂಪಿನಲ್ಲಿ 2,000 ವಾಟಿನ ಹ್ಯಾಲೊಜನ್ ದೀಪಗಳು, ನೀಲಿಯಲ್ಲಿ ಒಂದೇ ಒಂದು 100 ವಾಟಿನ ಬಲ್ಬು ಎಂದಿಟ್ಟುಕೊಳ್ಳಿ. ಕೆಂಪಿಗೆ ಹಿಂದಾರಿಯಾಗಿ ಉಳಿದದ್ದು ಆ ಬಲ್ಬು. ಎರಡು ಫೇಸ್‌ಗಳ ನಡುವಿನ 400 ವೋಲ್ಟು ಇಬ್ಬರಲ್ಲಿ ಹಂಚಿಹೋಗುವಾಗ ಬಡ ಬಲ್ಬಿನ ಪಾಲಿಗೆ 380 ಬರುತ್ತದೆ, ಹ್ಯಾಲೊಜನ್‌ಗೆ 20. ಅರ್ಧ ಶಾಮಿಯಾನ ಮಂಕಾಗಿ, ಇನ್ನರ್ಧದಲ್ಲಿ ಬಲ್ಬು, ಚಾರ್ಜರು, ಕೀಬೋರ್ಡಿನ ಅಡಾಪ್ಟರು ಪಟಪಟ ಸುಡುವುದು ನೋಡಿದವರಿಗೆ ಇದು ಹೊಸದಲ್ಲ. ಕಡಿಮೆ ಲೋಡಿನವರೇ ಸುಡುವುದು ಇದರ ವಿಚಿತ್ರ.

ಎಲ್‌ಇಡಿ ಯುಗದಲ್ಲಿ ಇನ್ನೊಂದು ತೊಡಕು ಸೇರಿದೆ. ಈ ದೀಪಗಳೂ ಹೊಸ ಆಂಪ್ಲಿಫೈಯರುಗಳೂ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ. ಅಲೆಯ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಎಳೆಯುತ್ತವೆ. ಮೂರು ಫೇಸ್‌ಗಳ ನೆತ್ತಿ ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಈ ತುಣುಕುಗಳು ಒಂದನ್ನೊಂದು ಅಳಿಸದೆ ಎಲ್ಲ ನ್ಯೂಟ್ರಲಿಗೇ ಬರುತ್ತವೆ. ಲೋಡು ಸಮವಿದ್ದರೂ ನ್ಯೂಟ್ರಲಿನಲ್ಲಿ ಒಂದೊಂದು ಫೇಸಿನ 1.7 ಪಟ್ಟಿನವರೆಗೆ ಕರೆಂಟು ಹರಿಯಬಹುದು. ನ್ಯೂಟ್ರಲಿಗೆ ತೆಳುವಾದ ತಂತಿ ಸಾಕು ಎನ್ನುವ ಹಳಬರ ಲೆಕ್ಕ ಹ್ಯಾಲೊಜನ್ ಕಾಲದ್ದು.

ಚೆಂಡೆಯ ಪೆಟ್ಟಿಗೆ ಸರಿಯಾಗಿ ದೀಪ ಮಿಣುಕುವುದರ ಮೂಲವೂ ದಾರಿಯ ಉದ್ದವೇ. ಎರಡೂವರೆ ಚದರ ಮಿ.ಮೀ. ತಾಮ್ರದ ವೈರನ್ನು 50 ಮೀಟರ್ ಎಳೆದು 20 ಆಂಪು ಹರಿಸಿದರೆ, ಹೋಗಿಬರುವ 100 ಮೀಟರಿನಲ್ಲಿ 15 ವೋಲ್ಟು ಕಳೆದುಹೋಗುತ್ತದೆ. ಕಳೆದದ್ದು 300 ವಾಟ್ ಶಾಖವಾಗಿ ವೈರಿನಲ್ಲೇ ಇರುತ್ತದೆ. ಉಳಿದ ವೈರನ್ನು ಸುರುಳಿ ಸುತ್ತಿ ಬೋರ್ಡಿನ ಕೆಳಗೆ ತುರುಕಬೇಡಿ. ಶಾಖ ಹೊರಹೋಗದೆ ಸಿಪ್ಪೆ ಕರಗುತ್ತದೆ.

ಜನರೇಟರ್ ಹಾಕಿದ ಮೇಲೆ

ನಡುರಾತ್ರಿ ಲೈನು ಹೋಯಿತು, ಜನರೇಟರ್ ಹಾಕಿದರು. ಈಗ ಕರೆಂಟಿನ ತವರು ಟಿ.ಸಿ. ಅಲ್ಲ, ಡೀಸೆಲ್ ಗಾಡಿಯೊಳಗಿನ ತಾಮ್ರದ ಸುರುಳಿ. ಮರಳಬೇಕಾದದ್ದು ಅಲ್ಲಿಗೆ. ಬಾಡಿಗೆ ಜನರೇಟರಿನ ನ್ಯೂಟ್ರಲನ್ನು ಅದರ ಚೌಕಟ್ಟಿಗೂ ಸರಳಿಗೂ ಕಟ್ಟದಿದ್ದರೆ ಮಣ್ಣಿನಿಂದ ಸುರುಳಿಗೆ ದಾರಿಯೇ ಇಲ್ಲ. ಹಾಗಿದ್ದರೆ ಶಾಕೂ ಇಲ್ಲ, ಒಳ್ಳೆಯದೇ ಆಯಿತಲ್ಲ ಎನಿಸೀತು. ಮೊದಲ ದೋಷದ ಮಟ್ಟಿಗೆ ನಿಜ. ಕೆಂಪು ಫೇಸ್ ಯಾವುದೋ ಪೆಟ್ಟಿಗೆಗೆ ತಾಗಿದರೂ ಎಲ್ಲವೂ ಶಾಂತ, ಕಾವಲು ಬೀಳುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಗಳಿಗೆಯಿಂದ ಊರಿನ ಮಣ್ಣೇ ಕೆಂಪು ಫೇಸ್ ಆಗಿದೆ. ಅರ್ಥ್ ಪಿನ್ನು ಮುರಿದ ಇನ್ನೊಂದು ಪೆಟ್ಟಿಗೆಗೆ ಹಳದಿ ತಾಗಿದರೆ, ಅದನ್ನೂ ಪಕ್ಕದ ಮೈಕನ್ನೂ ಒಟ್ಟಿಗೆ ಮುಟ್ಟಿದವನಿಗೆ 230 ಅಲ್ಲ, 400 ವೋಲ್ಟು. ಜನರೇಟರಿನ ನ್ಯೂಟ್ರಲನ್ನು ಕಾವಲಿನ ಸ್ವಿಚ್ಚಿಗಿಂತ ಮೊದಲೇ, ಗಾಡಿಯ ಬಳಿಯಲ್ಲೇ, ಚೌಕಟ್ಟಿಗೂ ಸರಳಿಗೂ ಕಟ್ಟಬೇಕು. ವೇದಿಕೆಯ ಹಸಿರು ತಂತಿಯೂ ಅದೇ ಗಂಟಿಗೆ ಬಂದು ಸೇರಬೇಕು. ಆಗ ಮಣ್ಣು ಒಣಗಿದ್ದರೂ ಚಿಂತೆಯಿಲ್ಲ, ತಾಮ್ರದ ಹಿಂದಾರಿ ಇದೆ.

ನಿಮ್ಮೂರಿನ ಹಬ್ಬದ ಸಮಿತಿಯಲ್ಲಿ ನೀವಿದ್ದರೆ ಆಟದ ದಿನ ಸಂಜೆ ಮೈಕ್‌ಸೆಟ್ಟಿನವರಿಗೂ ಜನರೇಟರಿನವರಿಗೂ ಎರಡು ಮಾತು ಕೇಳಿ: ಆರ್‌ಸಿಸಿಬಿ ಎಲ್ಲಿದೆ, ಜನರೇಟರಿನ ನ್ಯೂಟ್ರಲ್ ಕಟ್ಟಿದೆಯೇ. ಅವರು ಸ್ವಿಚ್ಚಿನ ಮೇಲಿನ ಟಿ ಎಂಬ ಗುಂಡಿ ಒತ್ತಿ ಬೀಳಿಸಿ ತೋರಿಸಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಆ ಗುಂಡಿ ತನ್ನೊಳಗೇ ಸಣ್ಣ ಸೋರಿಕೆ ಹುಟ್ಟಿಸಿಕೊಂಡು ಬೀಳುತ್ತದೆ, ಸರಳು ಇಲ್ಲದಿದ್ದರೂ, ಹಸಿರು ತಂತಿ ಕಡಿದಿದ್ದರೂ ಬೀಳುತ್ತದೆ. ವೇದಿಕೆಯ ಪ್ಲಗ್ಗಿನಲ್ಲಿ ಫೇಸಿನಿಂದ ಅರ್ಥ್‌ಗೆ ಅಳೆದು ಸೋರಿಸಿ ನೋಡುವ ಪರೀಕ್ಷಾ ಉಪಕರಣ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಬಳಿ ಇರುತ್ತದೆ. ಟಿ.ಸಿ. ಲೈನಿನ ಮೇಲೆ ಒಮ್ಮೆ, ಜನರೇಟರ್ ಮೇಲೆ ಇನ್ನೊಮ್ಮೆ, ಎರಡು ಸಲವೂ ಅದರಿಂದ ಸ್ವಿಚ್ಚು ಬೀಳಬೇಕು.